ಅಲ್ಲಿ ಒಬ್ಬರು ಹೇಳಿದರು

ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಬೋರಲಾಗಿ ಇಟ್ಟರೆ ನಾನು ಬರೆಯುವುದನ್ನು ನಿಲ್ಲಿಸಬೇಕಿತ್ತು. ಮತ್ತೆ ಹಾಕಿಕೊಂಡರೆ ಮುಂದುವರಿಸಬಹುದಿತ್ತು. ಇದು ನಮ್ಮಿಬ್ಬರ ನಡುವೆ ಮಾತಿಲ್ಲದೆ ಆದ ಏರ್ಪಾಡು. ಅವರು ತೀರಿಕೊಂಡು ವರ್ಷವಾಗುತ್ತ ಬಂತು. ಮೊನ್ನೆ ಕಾಲೇಜಿನ ಸಭೆಯಲ್ಲಿ ಪ್ರಾಂಶುಪಾಲರು ಬೆವರು ಒರೆಸಿಕೊಳ್ಳಲೆಂದು ಕನ್ನಡಕ ತೆಗೆದು ಎದುರಿಗಿಟ್ಟರು. ನನ್ನ ಕೈ ತಾನಾಗಿ ನಿಂತುಬಿಟ್ಟಿತು. ಪಕ್ಕದಲ್ಲಿ ಕೂತಿದ್ದವರು ಏನಾಯಿತು ಎಂದು ಕೇಳಿದರು. ಏನೂ ಇಲ್ಲ ಎಂದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲು ಹೆದರಿಕೆಯೇನಿಲ್ಲ. ಹೆಸರು ಹೇಳದೇ ಇರುವುದನ್ನು ಅವರು ಒಂದು ವ್ರತದಂತೆ ಪಾಲಿಸಿದರು, ಅದಕ್ಕೆ ಬೆಲೆಯನ್ನೂ ತೆತ್ತರು. ಅವರ ಬಗ್ಗೆ ಬರೆಯುವಾಗ ಅದನ್ನು ನಾನು ಮುರಿಯಲಾರೆ. ಪೂರ್ತಿ ಉಳಿಸಿಕೊಳ್ಳುವುದೂ ನನ್ನಿಂದ ಆಗಲಿಲ್ಲ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಬಸವೇಶ್ವರನಗರದ ಒಂದು ಅಡ್ಡರಸ್ತೆಯಲ್ಲಿ ಅವರ ಮನೆ. ನೌಕಾಪಡೆಯಿಂದ ನಿವೃತ್ತರಾಗಿ ಬಂದವರು. ರಸ್ತೆಯವರೆಲ್ಲ ಅವರನ್ನು ಕ್ಯಾಪ್ಟನ್ ಸಾರ್ ಎನ್ನುತ್ತಿದ್ದರು. ತಮ್ಮ ದರ್ಜೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಎಂದು ಮೊದಮೊದಲು ತಿದ್ದುತ್ತಿದ್ದರಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹುಟ್ಟಿದ್ದು ರಾಜಾಜಿನಗರದಲ್ಲಿ, ಕಾರ್ಖಾನೆ ಕೆಲಸಗಾರರ ಸಾಲುಮನೆಯೊಂದರಲ್ಲಿ. ಹಡಗು ಹತ್ತುವ ತನಕ ತಾವು ಕಂಡ ಅತಿ ದೊಡ್ಡ ನೀರೆಂದರೆ ಸ್ಯಾಂಕಿ ಕೆರೆ ಎಂದು ನಗುತ್ತಿದ್ದರು.

ನಾನು ವಿಜಯನಗರದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಒಮ್ಮೆ ಅವರನ್ನು ನಮ್ಮ ಮಕ್ಕಳಿಗೆ ಉಪನ್ಯಾಸಕ್ಕೆ ಕರೆಸಿದ್ದೆವು. ಊಟದ ನಂತರದ ಹೊತ್ತು, ಹುಡುಗರು ಆಕಳಿಸುತ್ತಿದ್ದರು. ಅವರು ಅದನ್ನು ನೋಡಿ ಮಾತು ನಿಲ್ಲಿಸಿ ಎಲ್ಲರನ್ನೂ ವರಾಂಡಕ್ಕೆ ಕರೆದುಕೊಂಡು ಹೋದರು. ಸೀಮೆಸುಣ್ಣದಿಂದ ನೆಲಕ್ಕೆ ಉದ್ದಕ್ಕೂ ಒಂದು ಗೆರೆ ಎಳೆದರು. ಇದು ನಮ್ಮ ದೇಶ, ಅದು ಅವರ ದೇಶ ಎಂದರು. ಕುಡಿಯುವ ನೀರಿನ ಡ್ರಮ್ಮಿನಿಂದ ಒಂದು ಬಕೆಟ್ ತುಂಬಿ ತಂದು ಗೆರೆಯ ಮೇಲೆ ಸುರಿದರು. ಮುಂದೆ ನಿಂತಿದ್ದ ಹುಡುಗನನ್ನು ಕರೆದು ಗೆರೆ ತೋರಿಸು ಎಂದರು.

"ಎಲ್ಲಿ ಸಾರ್, ಅಳಿಸಿಹೋಯ್ತಲ್ಲ."

"ಅಳಿಸಿಲ್ಲ. ನನ್ನ ಮ್ಯಾಪಲ್ಲಿದೆ. ನಿನ್ನ ಕಾಲು ಆ ಕಡೆ ಹೋಗಿದೆ. ಬಾ, ಜೈಲಿಗೆ ಹೋಗೋಣ."

ಹುಡುಗರು ಜೋರಾಗಿ ನಕ್ಕರು. ಅವರು ನಗಲಿಲ್ಲ. ಗುಜರಾತಿನ ಮೀನುಗಾರರು ಪಾಕಿಸ್ತಾನದ ಜೈಲುಗಳಲ್ಲಿ, ಅಲ್ಲಿಯ ಮೀನುಗಾರರು ನಮ್ಮ ಜೈಲುಗಳಲ್ಲಿ, ಕಾಣದ ಗೆರೆಯೊಂದನ್ನು ದಾಟಿದ್ದಕ್ಕೆ ವರ್ಷಗಟ್ಟಲೆ ಹೇಗೆ ಕೊಳೆಯುತ್ತಾರೆ ಎಂದು ಹೇಳಿದರು. ಮನುಷ್ಯರು ಹೇಗೋ ಬಿಡುಗಡೆಯಾದರೂ ಅವರ ದೋಣಿಗಳು ಅಲ್ಲೇ ಉಳಿದುಹೋಗುತ್ತವೆ ಎಂದರು. ಆಮೇಲೆ ಅಟೆಂಡರ್ ನೆಲ ನೋಡಿ ಗೊಣಗಿದಾಗ ಅವನ ಕೈಯಿಂದ ಒರೆಸುವ ಕೋಲು ಇಸಕೊಂಡು ತಾವೇ ಒರೆಸಿದರು. ಹಡಗಿನಲ್ಲಿ ಮೊದಲು ಕಲಿಸುವುದೇ ಇದನ್ನು ಎಂದರು.

ಆ ದಿನ ನಾನು ಅವರ ಮಾತುಗಳನ್ನು ಬರೆದುಕೊಳ್ಳುತ್ತಿದ್ದೆ. ಹೋಗುವ ಮುನ್ನ ಹಾಳೆ ನೋಡಿ ಬಹಳ ಹೊತ್ತು ಓದಲು ಪ್ರಯತ್ನಿಸಿದರು. "ಮೇಡಂ, ಇದನ್ನ ನೀವೇ ಓದೋಕಾಗತ್ತಾ?" ಎಂದು ಕೇಳಿದರು. ಕಷ್ಟಪಟ್ಟರೆ ಆಗುತ್ತದೆ ಎಂದೆ. "ಹಾಗಾದ್ರೆ ನನಗೆ ನೀವೇ ಬೇಕು" ಎಂದರು. ಹೀಗೆ ನಾನು ಅವರ ಗುಂಪಿಗೆ ಟಿಪ್ಪಣಿ ಬರೆಯುವವಳಾದೆ.

ಗುಂಪು ಎಂದರೆ ಹನ್ನೆರಡು ಮಂದಿ. ಭಾರತ, ಪಾಕಿಸ್ತಾನ, ಶ್ರೀಲಂಕಾ, ಬಾಂಗ್ಲಾದೇಶಗಳ ನಿವೃತ್ತ ಸೇನಾಧಿಕಾರಿಗಳು, ಹಿಂದೆ ರಾಯಭಾರಿಗಳಾಗಿದ್ದವರು, ಒಂದಿಬ್ಬರು ಪ್ರಾಧ್ಯಾಪಕರು. ಸರ್ಕಾರಗಳು ಒಂದರ ಮುಖ ಒಂದು ನೋಡದಿದ್ದಾಗಲೂ ಇವರು ವರ್ಷಕ್ಕೊಮ್ಮೆ ಎಲ್ಲಾದರೂ ಸೇರಿ, ಗಡಿ, ಸಮುದ್ರ, ಸೇನೆಗಳ ಓಡಾಟ ಇವುಗಳ ಬಗ್ಗೆ ಮಾತನಾಡುತ್ತಿದ್ದರು. ಇವರನ್ನು ಯಾವ ಸರ್ಕಾರವೂ ಕಳಿಸಿರಲಿಲ್ಲ. ಆದರೆ ಇವರು ಸೇರುವುದು ಎಲ್ಲ ಸರ್ಕಾರಗಳಿಗೂ ಗೊತ್ತಿತ್ತು. ಕೊನೆಗೆ ಕೆಲವು ಪುಟಗಳ ವರದಿಯೊಂದು ತಯಾರಾಗಿ ಸದ್ದಿಲ್ಲದೆ ಯಾರದೋ ಮೇಜಿಗೆ ಹೋಗುತ್ತಿತ್ತು. ಆ ಮೇಜಿನವರು ಓದುತ್ತಿದ್ದರೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ.

ಈ ಸಭೆಗಳಿಗೆ ಒಂದು ನಿಯಮವಿತ್ತು. ಒಳಗೆ ಕೇಳಿದ ಮಾತನ್ನು ಹೊರಗೆ ಹೇಳಬಹುದು. ಯಾರು ಹೇಳಿದರು ಎಂಬುದನ್ನು ಮಾತ್ರ ಎಂದೂ ಹೇಳುವಂತಿಲ್ಲ. ಈ ನಿಯಮ ಇರುವುದರಿಂದಲೇ ಒಬ್ಬ ನಿವೃತ್ತ ಜನರಲ್ ತನ್ನ ದೇಶದ ತಪ್ಪನ್ನು ಎದುರು ದೇಶದವರ ಮುಂದೆ ಒಪ್ಪಿಕೊಳ್ಳಬಲ್ಲ. ನನ್ನ ಟಿಪ್ಪಣಿಯಲ್ಲೂ ಹೆಸರಿರುತ್ತಿರಲಿಲ್ಲ. ಒಂದು ಅಭಿಪ್ರಾಯ, ಇನ್ನೊಂದು ಅಭಿಪ್ರಾಯ, ಇದಕ್ಕೆ ಬಂದ ಆಕ್ಷೇಪ, ಅಷ್ಟೇ. ಉಳಿದವರು ಈ ನಿಯಮವನ್ನು ಸಭೆಗಳ ಮಟ್ಟಿಗೆ ಪಾಲಿಸುತ್ತಿದ್ದರು. ಕ್ಯಾಪ್ಟನ್ ಸಾರ್ ಅದನ್ನು ಮನೆಗೂ ತಂದಿದ್ದರು. ಹೆಂಡತಿಗೆ ಸಭೆಯ ಸುದ್ದಿ ಹೇಳುವಾಗಲೂ "ಅಲ್ಲಿ ಒಬ್ರು ಹೇಳಿದ್ರು" ಎಂದೇ ಶುರು ಮಾಡುತ್ತಿದ್ದರು. ಅಲ್ಲಿ ಒಬ್ಬರಿಗೆ ಮೊಮ್ಮಗಳು ಹುಟ್ಟಿದಳು. ಅಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ, ಆದರೂ ಜಿಲೇಬಿ ತಿನ್ನುತ್ತಾರೆ. ಅವರ ಹೆಂಡತಿಗೆ ಇದು ದೊಡ್ಡ ತಮಾಷೆ. ಒಂದು ಸಲ ನನ್ನೆದುರೇ ಅಂದರು: "ನಿಮ್ಮ ಒಬ್ರಿಗೆ ಮಕ್ಕಳೆಷ್ಟು, ಸಕ್ಕರೆ ಎಷ್ಟು, ಎಲ್ಲಾ ಗೊತ್ತು ನಂಗೆ. ಪಾಪ, ಹೆಸರೊಂದು ಇಟ್ಟಿಲ್ಲ ಅವರಪ್ಪ ಅಮ್ಮ."

ಈ ನಿಯಮವನ್ನು ಅವರು ರಸ್ತೆಯ ಮೇಲೂ ಪ್ರಯೋಗಿಸಿದ್ದರು. ಮೂಲೆಯಲ್ಲಿ ಗೌಡರ ದಿನಸಿ ಅಂಗಡಿ. ಗೌಡರು ಹೇರೋಹಳ್ಳಿಯವರು, ಜಮೀನು ಸೈಟುಗಳಾದ ಮೇಲೆ ಇಲ್ಲಿ ಕಟ್ಟಡ ಕಟ್ಟಿಸಿದವರು. ಅವರ ಸಾಮಾನಿನ ಟೆಂಪೊ ಎದುರಿನ ಬ್ಯಾಂಕ್ ಅಧಿಕಾರಿಯ ಗೇಟಿಗೆ ಅಡ್ಡವಾಗಿ ನಿಲ್ಲುತ್ತಿತ್ತು. ಮಾತಿಗೆ ಮಾತು ಬೆಳೆದು ಪೊಲೀಸ್ ಠಾಣೆಯ ತನಕ ಹೋಗಿತ್ತು. ಕ್ಯಾಪ್ಟನ್ ಸಾರ್ ಇಬ್ಬರನ್ನೂ ಭಾನುವಾರ ಕಾಫಿಗೆ ಕರೆದು, ನಿಯಮ ವಿವರಿಸಿ, ಬಾಗಿಲು ಹಾಕಿ ಕೂರಿಸಿದರು. ಇಲ್ಲಿ ಏನು ಬೇಕಾದರೂ ಅನ್ನಿ, ಯಾರು ಅಂದದ್ದು ಅಂತ ಹೊರಗೆ ಹೋಗಬಾರದು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಯಾರು ಯಾರ ತಾಯಿಯನ್ನು ಏನೆಂದರು ಎಂಬುದು ಹಾಲಿನ ಬೂತಿನ ತನಕ ಗೊತ್ತಾಗಿತ್ತು. ಆದರೆ ಟೆಂಪೊ ಹಿಂದಿನ ರಸ್ತೆಯ ಖಾಲಿ ಸೈಟಿಗೆ ಹೋಯಿತು. ಇನ್ನು ಈ ರಸ್ತೆಯಲ್ಲಿ ಯಾರ ಗೇಟಿಗೂ ಅಡ್ಡ ನಿಲ್ಲಿಸುವುದಿಲ್ಲ ಎಂದು ಗೌಡರು ಅವರ ಕೈಮೇಲೆ ಕೈ ಇಟ್ಟು ಮಾತು ಕೊಟ್ಟಿದ್ದರು, ಹಾಗೇ ನಡೆದುಕೊಂಡರು. ಈ ಕತೆಯನ್ನು ಕ್ಯಾಪ್ಟನ್ ಸಾರ್ ನನಗೆ ಹೇಳಿ, "ಇಲ್ಲಿ ಮಾತು ಸೋರಿಹೋಯ್ತು, ಟೆಂಪೊ ಹೋಯ್ತು. ನಮ್ಮಲ್ಲಿ ಮಾತೂ ಸೋರಲ್ಲ, ಟೆಂಪೊನೂ ಅಲ್ಲಾಡಲ್ಲ" ಎಂದರು.

ಮುಂಬೈ ದಾಳಿಯ ಹಿಂದಿನ ವರ್ಷ ಸಭೆ ನಮ್ಮಲ್ಲೇ ನಡೆಯಿತು. ಕೆಂಗೇರಿ ದಾಟಿ ಮೈಸೂರು ರಸ್ತೆಯಿಂದ ಒಳಗೆ ಹೋದರೆ ಸಿಗುವ ಒಂದು ಅತಿಥಿಗೃಹದಲ್ಲಿ. ಪಾಕಿಸ್ತಾನದಿಂದ ಬಂದವರಲ್ಲಿ ಒಬ್ಬರು ಅಲ್ಲಿಯ ನೌಕಾಪಡೆಯಲ್ಲಿದ್ದವರು. ಎಪ್ಪತ್ತೊಂದರ ಯುದ್ಧದಲ್ಲಿ ಕ್ಯಾಪ್ಟನ್ ಸಾರ್ ಒಂದು ಹಡಗಿನಲ್ಲಿ, ಅವರು ಎದುರು ಪಕ್ಷದ ಹಡಗಿನಲ್ಲಿ. ಇಬ್ಬರೂ ಆಗ ತರುಣರು. "ಒಬ್ಬರನ್ನೊಬ್ಬರು ಮುಳುಗಿಸೋಕೆ ಸಂಬಳ ತಗೊಂಡೋರು ನಾವು" ಎಂದು ಇವರು ಪರಿಚಯಿಸಿದರೆ, ಅವರು "ಕೆಲಸ ಸರಿಯಾಗಿ ಮಾಡಲಿಲ್ಲ, ಅದಕ್ಕೇ ಇಬ್ಬರೂ ಇದ್ದೇವೆ" ಎಂದು ಹಿಂದಿಯಲ್ಲಿ ಸೇರಿಸುತ್ತಿದ್ದರು.

ಬಂದ ದಿನ ಅವರು ಪೊಲೀಸರಲ್ಲಿ ಹಾಜರಿ ಹಾಕಬೇಕಿತ್ತು. ಇವರೂ ಜೊತೆಗೆ ಹೋಗಿ ಬೆಂಚಿನ ಮೇಲೆ ಕಾದರು. ಅಲ್ಲಿಂದ ನೇರವಾಗಿ ಮನೆಗೆ ಕರೆತಂದರು. ನಾನೂ ಇದ್ದೆ. ಬಾಗಿಲಲ್ಲಿ ಅವರನ್ನು ನೋಡಿದ ಕೂಡಲೇ ಅಮ್ಮ (ಅವರ ಹೆಂಡತಿಯನ್ನು ನಾನು ಹಾಗೇ ಕರೆಯುವುದು) "ಓ, ಇವ್ರೇನಾ ನಿಮ್ಮ ಒಬ್ರು?" ಎಂದರು. ಹಾಗೆಂದರೇನು ಎಂದು ಅತಿಥಿ ಕೇಳಿದರು. ನೌಕಾಪಡೆಯ ಕ್ವಾರ್ಟರ್ಸುಗಳಲ್ಲಿ ಬಾಳಿದ ಅಮ್ಮನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ವಿವರಿಸಿ ಹೇಳಿದರು. ಅತಿಥಿ ಬಿದ್ದು ಬಿದ್ದು ನಕ್ಕು, ಅಂದಿನಿಂದ ತಮ್ಮನ್ನು ತಾವೇ ಒಬ್ರು ಎಂದು ಕರೆದುಕೊಂಡರು. ಅಕ್ಕಿರೊಟ್ಟಿ ತಿಂದರು. ಗೌಡರು ಅಂಗಡಿಯಿಂದ ಎದ್ದು ಬಂದು ಕೈಕುಲುಕಿ, ತಮ್ಮ ಮನೆಗೂ ಕರೆದೊಯ್ದು ಕಾಫಿ ಕುಡಿಸಿದರು. ರಸ್ತೆಯ ಮಕ್ಕಳು ಪಾಕಿಸ್ತಾನದವರನ್ನು ನೋಡಲು ಕಾಂಪೌಂಡಿನ ಮೇಲೆ ಸಾಲಾಗಿ ಕೂತಿದ್ದವು. ನೋಡಿದ ಮೇಲೆ ಒಬ್ಬ "ನಮ್ ತಾತನ ಥರಾನೇ ಇದಾನಲ್ಲೋ" ಎಂದು ನಿರಾಸೆಯಿಂದ ಇಳಿದುಹೋದ.

ಸಭೆಯ ಎರಡನೆಯ ದಿನ ಮಧ್ಯಾಹ್ನ ನಡೆದದ್ದನ್ನು ನಾನು ಎಚ್ಚರಿಕೆಯಿಂದ ಹೇಳಬೇಕು.

ವಿಷಯ ಮೀನುಗಾರರದು. ಒಬ್ಬರು ಒಂದು ಸಲಹೆ ಮುಂದಿಟ್ಟರು. ಎರಡೂ ದೇಶಗಳು ತಮ್ಮ ಕಾವಲು ಹಡಗುಗಳನ್ನು ಸಮುದ್ರದ ಗಡಿಯಿಂದ ಸಾಕಷ್ಟು ಹಿಂದೆ ಸರಿಸಿಕೊಳ್ಳಲಿ, ನಡುವಿನ ನೀರಿನಲ್ಲಿ ದೋಣಿಗಳು ಯಾವ ಭಯವಿಲ್ಲದೆ ಮೀನು ಹಿಡಿಯಲಿ. ಕೇಳಲು ಚೆನ್ನಾಗಿತ್ತು. ಹಲವರು ತಲೆದೂಗಿದರು. ಕ್ಯಾಪ್ಟನ್ ಸಾರ್ ಒಪ್ಪಲಿಲ್ಲ. ಅವರು ಅಷ್ಟು ಪಟ್ಟು ಹಿಡಿದದ್ದನ್ನು ನಾನು ಬೇರೆಲ್ಲೂ ನೋಡಿರಲಿಲ್ಲ. ಕಾವಲಿಲ್ಲದೆ ಬಿಟ್ಟ ನೀರಿಗೆ ಮೀನುಗಾರ ಒಬ್ಬನೇ ಬರುವುದಿಲ್ಲ ಎಂದರು. ಹಡಗು ಇರಲಿ, ಹಡಗಿನವರು ಪರಸ್ಪರ ಮಾತನಾಡಲಿ, ಎರಡು ಕಡೆಯ ಕರಾವಳಿ ಕಾವಲಿನವರ ನಡುವೆ ದಿನವೂ ಫೋನು ಹೋಗಲಿ, ಸಿಕ್ಕ ದೋಣಿಯನ್ನು ಮನುಷ್ಯರ ಸಮೇತ ಅಲ್ಲಿಂದಲೇ ವಾಪಸು ಕಳಿಸಲಿ ಎಂದರು. ಚಹಾ ತಣ್ಣಗಾಯಿತು. ಕೊನೆಗೆ ನಾನು ಎರಡನ್ನೂ ಬರೆದೆ. ಒಂದು ಅಭಿಪ್ರಾಯ. ಇದಕ್ಕೆ ಬಂದ ಆಕ್ಷೇಪ. ವರದಿಯಲ್ಲೂ ಹಾಗೇ ಹೋಯಿತು.

ಮರುವರ್ಷ ನವೆಂಬರಿನಲ್ಲಿ ಮುಂಬೈ ಮೇಲೆ ದಾಳಿಯಾಯಿತು. ಕೊಲ್ಲಲು ಬಂದವರು ಸಮುದ್ರದ ಮೇಲೆ, ಒಂದು ಮೀನುಗಾರಿಕೆ ದೋಣಿಯನ್ನು ವಶಪಡಿಸಿಕೊಂಡು ಬಂದಿದ್ದರು. ಟಿವಿಯಲ್ಲಿ ಹೋಟೆಲು ಉರಿಯುವುದನ್ನು ನೋಡುತ್ತ ಅವರ ಮನೆಯ ಹಾಲಿನಲ್ಲಿ ನಾವು ಮೂವರೂ ಕೂತಿದ್ದೆವು. ಅವರು ಒಂದು ಸಲ ಮಾತ್ರ ಬಾಯಿಬಿಟ್ಟರು. ಆ ದೋಣಿಯ ಮೀನುಗಾರರು ಏನಾದರು ಎಂದು ಕೇಳಿದರು. ಅವರನ್ನೂ ಕೊಂದಿದ್ದಾರೆಂದು ನನಗೆ ಆಗ ಗೊತ್ತಿರಲಿಲ್ಲ.

ಕೆಲವು ವಾರಗಳ ಮೇಲೆ ಒಂದು ಪತ್ರಿಕೆಯಲ್ಲಿ ಸಣ್ಣ ಸುದ್ದಿ ಬಂತು. ಹಿಂದಿನ ವರ್ಷ ಬೆಂಗಳೂರಿನ ಹೊರವಲಯದಲ್ಲಿ ಪಾಕಿಸ್ತಾನದವರೊಂದಿಗೆ ಗುಟ್ಟಾಗಿ ನಡೆದ ಸಭೆಯಲ್ಲಿ, ಸಮುದ್ರದ ಗಡಿಯಿಂದ ಕಾವಲು ಹಡಗುಗಳನ್ನು ಹಿಂದೆ ಸರಿಸಬೇಕೆಂಬ ಸಲಹೆ ಬಂದಿತ್ತು. ಸಲಹೆ ಕೊಟ್ಟವರು ನಗರದ ಒಬ್ಬ ನಿವೃತ್ತ ನೌಕಾಧಿಕಾರಿ. ವರದಿ ಎಲ್ಲಿಂದಲೋ ಸೋರಿತ್ತು. ಅದರಲ್ಲಿ ಹೆಸರಿರಲಿಲ್ಲ. ಹಡಗಿನ ಮಾತು, ಆದ್ದರಿಂದ ಹಡಗಿನವನೇ ಆಡಿರಬೇಕು ಎಂದು ಬರೆದವನು ಊಹಿಸಿಕೊಂಡಿದ್ದ. ಹೆಸರು ತೆಗೆದುಹಾಕಿದರೆ ಎಲ್ಲರೂ ಕ್ಷೇಮ ಎಂದು ಆ ಹನ್ನೆರಡು ಮಂದಿ ನಂಬಿದ್ದರು, ನಾನೂ ನಂಬಿದ್ದೆ. ಹೆಸರಿಲ್ಲದ ಮಾತಿಗೆ ಜನ ತಾವೇ ಒಂದು ಹೆಸರು ಹಚ್ಚುತ್ತಾರೆ ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಬಸವೇಶ್ವರನಗರದಲ್ಲಿ, ಪಾಕಿಸ್ತಾನದ ಅತಿಥಿಯನ್ನು ಮನೆಗೆ ಕರೆತಂದ ನಿವೃತ್ತ ನೌಕಾಧಿಕಾರಿ ಎಷ್ಟು ಮಂದಿ ಇರುತ್ತಾರೆ? ಎರಡೇ ದಿನದಲ್ಲಿ ಒಂದು ಗುಂಪು ಬಂದು ಮನೆ ಮುಂದೆ ಕೂಗಿತು. ಗೇಟಿನ ಕಂಬದ ಮೇಲಿನ ಹೆಸರಿನ ಫಲಕಕ್ಕೆ ಯಾರೋ ಮಸಿ ಬಳಿದರು. ಕ್ಯಾಪ್ಟನ್ ಸಾರ್ ಸ್ಕ್ರೂಡ್ರೈವರ್ ತಂದು ಫಲಕವನ್ನು ತಾವೇ ಬಿಚ್ಚಿ ಒಳಗಿಟ್ಟರು. ಪಾರ್ಕಿನಲ್ಲಿ ಅವರ ಜೊತೆ ನಡೆಯುತ್ತಿದ್ದವರು ಹೊತ್ತು ಬದಲಾಯಿಸಿಕೊಂಡರು. ಮಾಜಿ ಸೈನಿಕರ ಸಂಘವೊಂದು ಗಣರಾಜ್ಯೋತ್ಸವಕ್ಕೆ ಬರುವುದು ಬೇಡ ಎಂದು ಒಬ್ಬ ಹಳೆಯ ಸಹೋದ್ಯೋಗಿಯಿಂದಲೇ ಫೋನು ಮಾಡಿಸಿತು. ಆ ಸಹೋದ್ಯೋಗಿ ಫೋನಿನಲ್ಲಿ ಅತ್ತರಂತೆ. ಇದನ್ನು ಹೇಳಿದ್ದು ಅಮ್ಮ.

ಗೌಡರು ಎಲ್ಲರಿಗಿಂತ ಹೆಚ್ಚು ನೊಂದಿದ್ದರು. ನಾನು ಅಂಗಡಿ ಮುಂದೆ ಹಾದುಹೋಗುವಾಗ ಕರೆದು ನಿಲ್ಲಿಸಿದರು.

"ಮೇಡಂ, ನೀವು ಓದ್ದೋರು, ಹೇಳಿ. ನಮ್ಮನೇಲಿ ಕೂರಿಸಿ ಕಾಫಿ ಕುಡಿಸಿದೀನಿ ಆ ಮನುಷ್ಯಂಗೆ. ನಮ್ಮ ಹೆಂಗಸ್ರು ಕೈಯಾರೆ ಲೋಟ ಕೊಟ್ಟವ್ರೆ. ನಾಳೆ ನಮ್ಮನ್ನೂ ಕೇಳಲ್ವಾ? ಕ್ಯಾಪ್ಟನ್ ಸಾರ್ ಒಂದು ಮಾತು ನಾನಲ್ಲ ಅಂದ್ಬಿಡ್ಲಿ. ನಾನೇ ನಿಂತ್ಕೊತೀನಿ ಅವರ ಗೇಟಲ್ಲಿ. ಯಾಕ್ ಅನ್ನಲ್ಲ ಅವ್ರು?"

ಆ ಮಾತನ್ನೇ ಹೊತ್ತುಕೊಂಡು ನಾನು ಕ್ಯಾಪ್ಟನ್ ಸಾರ್ ಮನೆಗೆ ಹೋದೆ. ಒಬ್ಬ ವರದಿಗಾರ ಹಿಂದಿನ ದಿನ ಬಂದು ಅದೇ ಪ್ರಶ್ನೆ ಕೇಳಿದ್ದ. ಆ ಕೋಣೆಯಲ್ಲಿ ಆಡಿದ ಮಾತೆಲ್ಲ ನಮ್ಮೆಲ್ಲರದು ಎಂದು ಇವರು ಉತ್ತರಿಸಿದ್ದರು. ಪತ್ರಿಕೆಯಲ್ಲಿ ಅದು ತಪ್ಪೊಪ್ಪಿಗೆಯಾಗಿ ಬಂದಿತ್ತು. ನಾನು ಕೂತೆ. ಅವರು ಹೇಳುವುದು ಬೇಡ, ನಾನೇ ಪತ್ರಿಕೆಗೆ ಬರೆಯುತ್ತೇನೆ ಎಂದೆ. ಆ ಮಾತು ಆಡಿದವರ ಹೆಸರು ಹೇಳುವುದಿಲ್ಲ, ಇವರಲ್ಲ ಎಂದಷ್ಟೇ ಹೇಳುತ್ತೇನೆ. ಇವರು ಅದನ್ನು ವಿರೋಧಿಸಿದರು, ಇವರು ಹೆದರಿದ್ದೇ ಆಗಿಹೋಯಿತು ಎಂದು ಹೇಳುತ್ತೇನೆ. ನಿಯಮ ಮುರಿದಂತಾಗುವುದಿಲ್ಲ.

ಅವರು ಕನ್ನಡಕ ತೆಗೆದು ಬೋರಲಾಗಿ ಇಟ್ಟರು. ನನ್ನ ಕೈಯಲ್ಲಿ ಪೆನ್ನೇ ಇರಲಿಲ್ಲ.

"ಲೆಕ್ಕ ಹಾಕಿ ಮೇಡಂ. ನಾನಲ್ಲ ಅಂದ್ರೆ ಮುಂದಿನವನ ಮನೆಗೆ ಹೋಗ್ತಾರೆ. ಅವನೂ ಅಲ್ಲ ಅಂತಾನೆ. ಅಲ್ಲ ಅನ್ನೋರನ್ನೆಲ್ಲ ಕಳೀತಾ ಹೋದ್ರೆ ಕೊನೆಗೆ ಒಬ್ಬ ಉಳೀತಾನೆ. ಅವನ ಹೆಸರು ಯಾರೂ ಹೇಳಿರಲ್ಲ. ಆದ್ರೂ ಹೇಳಿದಂಗೇ."

ಉಳಿಯಲಿ ಎಂದೆ. ಆಡಿದ ಮಾತಿಗೆ ಅವರೇ ಉತ್ತರ ಕೊಡಲಿ ಎಂದೆ. ನನ್ನ ದನಿ ಏರಿತ್ತು.

"ಅವರು ಆಡಿದ್ದು ಒಳ್ಳೇ ಮನಸ್ಸಿಂದ. ತಪ್ಪಾಗಿ ಆಡಿದ್ರು, ಅಷ್ಟೇ. ತಪ್ಪು ಮಾತಾಡೋಕೆ ಒಂದು ಜಾಗ ಇರ್ಲಿ ಅಂತ ತಾನೆ ನಾವು ಆ ಕೋಣೆ ಕಟ್ಟಿದ್ದು? ಇವತ್ತು ನನ್ನ ಚರ್ಮ ಉಳಿಸ್ಕೊಳ್ಳೋಕೆ ನಾನೇ ಬಾಗಿಲು ತೆಗೆದ್ರೆ, ಇನ್ನೊಂದು ಸಲ ಯಾರು ಬಂದು ಕೂರ್ತಾರೆ?"

ಇನ್ನೊಂದು ಸಲ ಎಂಬುದು ಬರಲೇ ಇಲ್ಲ. ಮುಂದಿನ ಸಭೆ ರದ್ದಾಯಿತು. ಅದರ ಮುಂದಿನದನ್ನು ಯಾರೂ ಕರೆಯಲಿಲ್ಲ. ಹನ್ನೆರಡರಲ್ಲಿ ಕೆಲವರು ಟಿವಿಗಳಲ್ಲಿ ಕಾಣಿಸಿಕೊಂಡು, ತಾವು ಮೊದಲಿನಿಂದಲೂ ಇಂಥ ಮಾತುಕತೆಗಳನ್ನು ನಂಬಿರಲಿಲ್ಲ ಎಂದರು. ಕೆಲವರು ಫೋನು ಎತ್ತುವುದನ್ನು ಬಿಟ್ಟರು. ಆ ಸಲಹೆ ಕೊಟ್ಟವರು ಇವರಿಗೆ ಫೋನು ಮಾಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯಲಾರೆ. ಬಹಿರಂಗವಾಗಿ ಅವರು ಏನನ್ನೂ ಹೇಳಲಿಲ್ಲ, ಇದು ಮಾತ್ರ ಗೊತ್ತು. ಮೀನುಗಾರರು ಇಂದಿಗೂ ಸಿಕ್ಕಿಬೀಳುತ್ತಲೇ ಇದ್ದಾರೆ.

ಆ ಚಳಿಗಾಲ ಕ್ಯಾಪ್ಟನ್ ಸಾರ್ ಕುಗ್ಗಿದ್ದನ್ನು ನಾನು ಕಣ್ಣಾರೆ ಕಂಡೆ. ಷರಟಿನ ಕಾಲರಿನಲ್ಲಿ ಕತ್ತು ತೆಳ್ಳಗೆ ಕಾಣುತ್ತಿತ್ತು. ಮಾತು ಕಡಿಮೆಯಾಯಿತು. "ಅಲ್ಲಿ ಒಬ್ರು" ಎಂದು ಶುರುವಾಗುವ ಕತೆಗಳು ನಿಂತುಹೋದವು. ಮನೆಯೊಳಗೂ ಏನೋ ಬದಲಾಗಿತ್ತು. ಅಮ್ಮ ಕಾಫಿ ತಂದು ನನ್ನ ಕೈಗೆ ಕೊಡುತ್ತಿದ್ದರು, ಗಂಡನ ಲೋಟವನ್ನು ಟೀಪಾಯಿಯ ಮೇಲೆ ಇಟ್ಟು ಹೋಗುತ್ತಿದ್ದರು. ದಣಿದಿದ್ದಾರೆ ಎಂದುಕೊಂಡೆ. ಒಮ್ಮೆ ನಾನು ಹೊರಡುವಾಗ ಕ್ಯಾಪ್ಟನ್ ಸಾರ್ ಗೇಟಿನ ತನಕ ಬಂದು, ಫಲಕವಿದ್ದ ಜಾಗದ ಸ್ಕ್ರೂ ತೂತುಗಳ ಮೇಲೆ ಬೆರಳಾಡಿಸುತ್ತ, "ನಾವು ಏನೂ ಮಾಡ್ಲಿಲ್ಲ ಮೇಡಂ. ಇಷ್ಟು ವರ್ಷ. ಒಂದು ದೋಣಿ ವಾಪಸ್ ಬರ್ಲಿಲ್ಲ ನಮ್ಮಿಂದ" ಎಂದರು.

ಏಪ್ರಿಲಿನಲ್ಲಿ, ಪೇಪರ್ ಓದುತ್ತ ಕೂತಿದ್ದವರು ಹಾಗೇ ಹೋದರು. ಹೃದಯ ನಿಂತಿತ್ತು. ಸುಡುವಲ್ಲಿಗೆ ಹಳೆಯ ಹಡಗಿನವರು ಮೂವರು ಬಂದಿದ್ದರು. ರಸ್ತೆಯಿಂದ ಗೌಡರು ಬಂದಿದ್ದರು, ಆದರೆ ಒಳಗೆ ಬರದೆ ಹೊರಗಿನ ಗೇಟಿನಲ್ಲೇ ಟವಲು ಹಿಡಿದು ನಿಂತಿದ್ದರು.

ಕರ್ಮಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ಸಂಜೆ ಅಮ್ಮ ನನ್ನನ್ನು ಕರೆಸಿಕೊಂಡರು. ಅತ್ತಿಗುಪ್ಪೆಯ ನನ್ನ ಮನೆಯಿಂದ ಅಲ್ಲಿಗೆ ಆಟೋದಲ್ಲಿ ಹೋದೆ. ಅವರು ಬಾಗಿಲಲ್ಲೇ ಕಾಯುತ್ತಿದ್ದರು. ಕರಾಚಿಯಿಂದ ಫೋನು ಬಂದಿತ್ತು ಎಂದರು. ಎತ್ತಿದ ಕೂಡಲೇ ಆ ಕಡೆಯಿಂದ, ಭಾಭೀಜಿ, ನಾನು ಒಬ್ರು ಮಾತಾಡುತ್ತಿದ್ದೇನೆ ಎಂದರಂತೆ. ಒಬ್ರು ಎಂಬುದನ್ನು ಕನ್ನಡದಲ್ಲೇ ಹೇಳಿದರಂತೆ. ಸುದ್ದಿ ಅವರಿಗೆ ತಡವಾಗಿ ತಿಳಿದಿತ್ತು. ಇಬ್ಬರೂ ಸ್ವಲ್ಪ ಹೊತ್ತು ಅತ್ತರು. ಆಮೇಲೆ ಅಮ್ಮ ಅವರನ್ನು ಒಂದು ಪ್ರಶ್ನೆ ಕೇಳಿದರು. ಅವರು, ಅದನ್ನು ಮಾತ್ರ ಕೇಳಬೇಡಿ, ಅವನು ಹೇಳದ್ದನ್ನು ನಾನು ಹೇಗೆ ಹೇಳಲಿ ಎಂದು ಬೇಡಿಕೊಂಡರಂತೆ.

ಅಮ್ಮ ನನ್ನೆದುರು ಕೂತರು. "ನೀವೂ ಇದ್ರಲ್ಲ ಅಲ್ಲಿ. ಹೇಳಿ. ಆ ಮಾತು ಇವರು ಆಡಿದ್ದಾ?"

ಆಗ ನನಗೆ ತಿಳಿಯಿತು. ಅವರು ಹೆಂಡತಿಗೂ ಹೇಳಿರಲಿಲ್ಲ. ಊರೆಲ್ಲ ಕೇಳುತ್ತಿದ್ದಾಗ ಮನೆಯೊಳಗೂ ಅದೇ ಪ್ರಶ್ನೆ ಇತ್ತು, ಅದಕ್ಕೂ ಅವರು ಉತ್ತರ ಕೊಟ್ಟಿರಲಿಲ್ಲ. ನಾನು ಅವರ ಲೆಕ್ಕವನ್ನು ನೆನೆದೆ. ಇವರನ್ನು ಕಳೆದರೆ ಹನ್ನೊಂದು ಮಂದಿ ಉಳಿಯುತ್ತಾರೆ. ಕಳೆಯುವುದು ಶುರುವಾದಂತೆ. ಹಾಗಿದ್ದೂ ಆ ಮುಖವನ್ನು ನೋಡಿಕೊಂಡು ಸುಮ್ಮನಿರುವುದು ನನಗೆ ಸಾಧ್ಯವಾಗಲಿಲ್ಲ. ಇಲ್ಲ ಅಮ್ಮ, ಅವರಲ್ಲ ಎಂದೆ. ಅವರು ಅದನ್ನು ಬೇಡವೇ ಬೇಡ ಎಂದವರು ಎಂದೆ. ಅಂದು ಅಮ್ಮನಿಗೆ ಹೇಳಿದ್ದನ್ನೇ ಈಗ ಇಲ್ಲಿ ಬರೆದಿದ್ದೇನೆ. ಇನ್ನು ಮುಂದಕ್ಕೆ ನಾನು ಯಾರನ್ನೂ ಕಳೆಯುವುದಿಲ್ಲ.

ಅಮ್ಮನಿಗೆ ಸಮಾಧಾನವಾಗುತ್ತದೆ ಎಂದು ನಾನು ತಿಳಿದಿದ್ದೆ. ಅವರು ಸೆರಗಿನ ತುದಿಯನ್ನು ಮಡಚುತ್ತ, ಬಿಡಿಸುತ್ತ ಕೂತರು. ಮಾತಾಡಿದಾಗ ದನಿ ತೀರಾ ಸಣ್ಣಗಿತ್ತು.

"ಹೊರಗಡೆ ಎಲ್ಲಾರ ಹತ್ರಾನೂ ನಮ್ಮೋರಲ್ಲ ಅಂತ ಜಗಳ ಆಡ್ದೆ. ಗೊತ್ತಿಲ್ದೇನೇ ಆಡ್ದೆ. ಒಂದೇ ಒಂದ್ಸಲ ಇವರನ್ನ ಕೇಳ್ದೆ, ನನಗಾದ್ರೂ ಹೇಳಿ ಅಂತ. ಕನ್ನಡಕ ತೆಗೆದಿಟ್ಟು ಸುಮ್ಮನಿದ್ರು. ಅದನ್ನ ನಾನು ಹೌದು ಅಂತ ತಿಳ್ಕೊಂಡೆ ಮೇಡಂ. ಮುಂಬೈಲಿ ನಾವಿದ್ದ ಬೀದಿ, ನಾವು ಹತ್ತಿಳಿದ ಸ್ಟೇಷನ್ನು. ಅಲ್ಲಿ ಅಷ್ಟು ಜನ ಸತ್ರಲ್ಲ, ಅದರಲ್ಲಿ ಇವರ ಕೈನೂ ಇದೆ ಅಂತಾನೇ ತಿಳ್ಕೊಂಡೆ. ಆಮೇಲೆ ಬಡಿಸ್ದೆ, ಬಟ್ಟೆ ಮಡಚಿಟ್ಟೆ, ಮಾತ್ರೆ ಕೊಟ್ಟೆ. ಮುಖ ಕೊಟ್ಟು ಮಾತಾಡ್ಲಿಲ್ಲ. ಹೋಗೋವರೆಗೂ ಮಾತಾಡ್ಲಿಲ್ಲ."

ನನ್ನ ಮಾತಿಗೆ ಅಮ್ಮ ಕಾಯಲಿಲ್ಲ. ಎದ್ದು ಒಳಗೆ ಹೋಗಿ ದೇವರ ದೀಪ ಹಚ್ಚಿದರು. ನಾನು ಬರುತ್ತೇನಮ್ಮ ಎಂದು ಹೊರಟೆ.

ಹೊರಗೆ ಬೀದಿದೀಪ ಹತ್ತಿಕೊಂಡಿತ್ತು. ಗೇಟು ತಳ್ಳಿದರೆ ಅರ್ಧಕ್ಕೆ ನಿಂತಿತು. ಯಾರ ಗೇಟಿಗೂ ಅಡ್ಡ ನಿಲ್ಲಿಸುವುದಿಲ್ಲ ಎಂದಿದ್ದ ಗೌಡರ ಟೆಂಪೊ ಅದಕ್ಕೆ ಅಡ್ಡವಾಗಿ ನಿಂತಿತ್ತು. ಹಿಂಬದಿಯಲ್ಲಿ ಖಾಲಿ ಎಣ್ಣೆ ಡಬ್ಬಗಳು. ಅಂಗಡಿಯ ಕಡೆ ನೋಡಿದೆ. ಗೌಡರು ಗಿರಾಕಿಗೆ ಬೇಳೆ ತೂಗುತ್ತಿದ್ದರು, ನನ್ನನ್ನು ಕಂಡರೂ ಕಾಣದವರಂತೆ ತಕ್ಕಡಿಯ ಮೇಲೆ ಕಣ್ಣಿಟ್ಟಿದ್ದರು. ಕರೆದು ತೆಗೆಸಬಹುದಿತ್ತು. ಕರೆದರೆ ಅವರು ಮತ್ತೆ ಅದೇ ಪ್ರಶ್ನೆ ಕೇಳುತ್ತಿದ್ದರು, ನಾನು ಕರೆಯಲಿಲ್ಲ. ಚೀಲವನ್ನು ಎದೆಗೆ ಒತ್ತಿಕೊಂಡು, ಮೈ ಅಡ್ಡ ಮಾಡಿ, ಕಂಬಕ್ಕೂ ಟೆಂಪೊಗೂ ನಡುವಿನಿಂದ ಹೊರಗೆ ಬಂದೆ.